ಕ್ವಾರ್ಟರ್ಸ್ ಬಿಲ್ಡರ್ ಕೈಗೆ: ಓದುಗರ ಸ್ಪಂದನ

ಪ್ರಶ್ನೆ: ನಮ್ಮ ಕಾರ್ಖಾನೆ ಕಾರ್ಮಿಕರ ಕ್ವಾರ್ಟರ್ಸನ್ನು ಖಾಸಗಿಯವರಿಗೆ ಕೊಡುತ್ತಿದೆ. ಇರುವ ಮನೆ ಕೊಂಡುಕೊಳ್ಳಿ, ಇಲ್ಲವೇ ಬಾಡಿಗೆ ಭತ್ಯೆ ತೆಗೆದುಕೊಂಡು ಹೊರಡಿ ಎನ್ನುತ್ತಿದ್ದಾರೆ. ಏನು ಮಾಡಲಿ?

ನಾನು ಇಪ್ಪತ್ತು ವರ್ಷ ಕ್ವಾರ್ಟರ್ಸ್‌ನಲ್ಲಿದ್ದವನು. ಮುಷ್ಕರದ ಮಾತೆತ್ತಿದರೆ ಸಾಕು, ಮನೆ ಖಾಲಿ ಮಾಡಿ ಅನ್ನೋ ಬೆದರಿಕೆ ಬರುತ್ತಿತ್ತು. ಕೆಲಸ ಕೊಡುವವರೇ ಮನೆಯನ್ನೂ ಕೊಟ್ಟರೆ ಕಾರ್ಮಿಕ ಬಾಯಿ ಬಿಡುವುದು ಕಷ್ಟ. ಮಾಲೀಕರೇ ನೇರವಾಗಿ ಮನೆ ಒದಗಿಸುವುದು ಸಾಮಾನ್ಯವಾಗಿ ಅಪೇಕ್ಷಣೀಯವಲ್ಲ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1961ರಲ್ಲೇ ತನ್ನ 115ನೇ ಶಿಫಾರಸಿನಲ್ಲಿ ಹೇಳಿದೆ. ಜನವಸತಿಯಿಂದ ದೂರವಿರುವ ಕೆಲಸಗಳಂಥವಕ್ಕೆ ಮಾತ್ರ ವಿನಾಯಿತಿ. ಹಾಗಾಗಿ ಕಂಪನಿ ಕೈಬಿಟ್ಟಿತು ಅಂತ ಹೆದರಬೇಡಿ. ಮನೆ ಯಾರ ಕೈ ಸೇರುತ್ತದೆ ಅನ್ನೋದನ್ನ ನೋಡಿ. ಚೀನಾ 1998ರಲ್ಲಿ ಸರ್ಕಾರಿ ಉದ್ದಿಮೆಗಳ ಮನೆ ಹಂಚಿಕೆ ನಿಲ್ಲಿಸಿತು. ಆಗ ಮನೆಯಲ್ಲಿದ್ದವರಿಗೆ ಅದೇ ಮನೆ ಅಗ್ಗದಲ್ಲಿ ಸಿಕ್ಕಿತು. ಆಮೇಲೆ ಕೆಲಸಕ್ಕೆ ಸೇರಿದವರು, ಹಳ್ಳಿಯಿಂದ ಬಂದವರು ಮಾರುಕಟ್ಟೆ ದರಕ್ಕೆ ಪರದಾಡಿದರು. ನೀವು ಈಗ ಒಳಗಿರುವವರು. ಒಳ್ಳೆಯ ದರ ಕೇಳುವ ಬಲ ನಿಮಗೆ ಇರುವುದು ಈಗಲೇ. ಒಬ್ಬರೇ ಹೋಗಬೇಡಿ, ಎಲ್ಲ ಮನೆಯವರೂ ಸೇರಿ ಕೇಳಿ.
– ನಿವೃತ್ತ ಕಾರ್ಮಿಕ

ಬೇರೆ ಕಡೆ ಹೊಸ ಮನೆ ಕೊಡುತ್ತೇವೆ ಅಂದರೆ ದೂರ ಎಷ್ಟು ಅಂತ ಮೊದಲು ಕೇಳಿ ಅಣ್ಣ. ಮೆಕ್ಸಿಕೋದಲ್ಲಿ ಕಾರ್ಮಿಕರ ವಸತಿ ನಿಧಿ ಇನ್ಫೋನಾವಿತ್ 1972ರಲ್ಲಿ ಶುರುವಾಯಿತು. ಮಾಲೀಕರು ಸಂಬಳದ 5% ಅದಕ್ಕೆ ಕಟ್ಟುತ್ತಾರೆ. ಕ್ರಮೇಣ ನಿಧಿಯ ಕೆಲಸ ಸಾಲ ಕೊಡುವುದಷ್ಟೇ ಆಯಿತು, ಕಟ್ಟುವುದು ಖಾಸಗಿ ಬಿಲ್ಡರ್‌ಗಳ ಪಾಲಾಯಿತು. ಅವರು ಜಾಗ ಅಗ್ಗ ಅಂತ ನಗರದಿಂದ ಬಹಳ ದೂರದಲ್ಲಿ ಕಟ್ಟಿದರು. ಬಸ್ಸಿಲ್ಲ, ಶಾಲೆಯಿಲ್ಲ. ದುಡಿದದ್ದು ಪ್ರಯಾಣಕ್ಕೇ ಹೋಗುತ್ತದೆ ಅಂತ ಎಷ್ಟೋ ಜನ ಸಾಲದ ಮನೆಯನ್ನೇ ಬಿಟ್ಟು ಹೋದರು. 2010ರ ಜನಗಣತಿಯಲ್ಲಿ ಆ ದೇಶದಲ್ಲಿ ಸುಮಾರು 50 ಲಕ್ಷ ಮನೆಗಳು ಖಾಲಿ ಇದ್ದವು. ಎಲ್ಲವೂ ಇಂಥವೇ ಅಲ್ಲ, ಆದರೆ ಇಂಥವೂ ಬಹಳ ಇದ್ದವು. ಸಹಿ ಹಾಕುವ ಮೊದಲು ಶಿಫ್ಟ್ ಮುಗಿಯುವ ಹೊತ್ತಿಗೆ ಆ ಜಾಗಕ್ಕೆ ಒಮ್ಮೆ ಹೋಗಿ ಬನ್ನಿ.
– ಒಬ್ಬ ಓದುಗ

ಮನೆಯಲ್ಲಿ ದಿನವಿಡೀ ಇರುವವಳಾಗಿ ಒಂದು ಮಾತು. ಪೈಪ್ ಒಡೆದರೆ, ಸೂರು ಸೋರಿದರೆ ಸರಿಮಾಡುವವರು ಯಾರು? ಇದನ್ನು ಬರೆಸಿಕೊಳ್ಳಿ. ಮನೆ ಪತ್ರದಲ್ಲಿ ಹೆಂಡತಿಯ ಹೆಸರೂ ಇರಲಿ. ಭತ್ಯೆ ಒಪ್ಪುವುದಾದರೆ ಅದನ್ನು ಇಂತಿಷ್ಟು ಹಣ ಅಂತ ಬರೆಸಬೇಡಿ, ಸಂಬಳದ ಇಂತಿಷ್ಟು ಪಾಲು ಅಂತ ಬರೆಸಿ. ಬಾಡಿಗೆ ವರ್ಷವರ್ಷ ಏರುತ್ತದೆ ಅಲ್ವಾ?
– ಕಾರ್ಮಿಕರೊಬ್ಬರ ಪತ್ನಿ