ರಾಮಾಮಾತ್ಯನ ಮುಖಾರಿ ನಮ್ಮ ಮುಖಾರಿ ಅಲ್ವಾ?

ಸಾರಣಿ_ತಂತಿ
ಎಲ್ಲರಿಗೂ ನಮಸ್ಕಾರ. ರಾಮಾಮಾತ್ಯ ಬರೆದ ಸಂಗೀತಶಾಸ್ತ್ರದ ಗ್ರಂಥ ಸ್ವರಮೇಳಕಲಾನಿಧಿ ಓದಲು ಕೂತು ಎರಡು ಕಡೆ ಸಿಕ್ಕಿಕೊಂಡಿದ್ದೇನೆ. ಕೊನೆಯಲ್ಲಿ ರಾಮಾಮಾತ್ಯ ಶಕವರ್ಷವನ್ನು ನೇತ್ರ, ಧರಾಧರ, ಅಬ್ಧಿ, ಧರಣಿ ಅಂತ ಹೇಳುತ್ತಾನೆ. ಎರಡು, ಏಳು, ನಾಲ್ಕು, ಒಂದು. ಶಕ 2741 ಇನ್ನೂ ಬಂದೇ ಇಲ್ಲವಲ್ಲ! ನಕಲು ಮಾಡಿದವನ ತಪ್ಪಾ? ಇನ್ನೊಂದು, ಅವನ ಮೊದಲ ಮೇಳ (ರಾಗಗಳಿಗೆ ಆಧಾರವಾದ ಸ್ವರಗಳ ಗುಂಪು) ಮುಖಾರಿಗೆ ಏಳೂ ಶುದ್ಧ ಸ್ವರವಂತೆ. ನಾನು ಕಲಿತ ಮುಖಾರಿಯಲ್ಲಿ ಚತುಶ್ರುತಿ ರಿಷಭ, ಸಾಧಾರಣ ಗಾಂಧಾರ, ಎರಡೂ ಶುದ್ಧಕ್ಕಿಂತ ಮೇಲಿನವು. ಯಾರನ್ನು ನಂಬೋದು?

ಹಳೇ_ಪಂಚಾಂಗ
ಪಾಪ, ನಕಲು ಮಾಡಿದವನನ್ನು ಬಯ್ಯಬೇಡಿ. ಇಂಥ ಅಂಕಿಯನ್ನು ಬಲದಿಂದ ಎಡಕ್ಕೆ ಓದಬೇಕು, ಶಾಸನಗಳಲ್ಲೂ ಹೀಗೇ. ಶಕ 1472, ಅದಕ್ಕೆ 78 ಸೇರಿಸಿದರೆ 1550. ಜೊತೆಗೆ ಸಾಧಾರಣ ಸಂವತ್ಸರ, ಶ್ರಾವಣ ಶುದ್ಧ ದಶಮಿ ಅಂತಲೂ ಇದೆ. ನಮ್ಮಲ್ಲಿ 1970ರ ಯುಗಾದಿಗೆ ಸಾಧಾರಣ ಸಂವತ್ಸರ ಬಂದಿತ್ತು, ಅಲ್ಲಿಂದ ಅರವತ್ತರ ಏಳು ಸುತ್ತು, ಅಂದ್ರೆ 420 ವರ್ಷ ಹಿಂದೆ ಹೋಗಿ ನೋಡಿ, ಸರಿಯಾಗಿ 1550ಕ್ಕೇ ಬರುತ್ತೀರಿ. ಬರೆಸಿದವನು ವಿಜಯನಗರದ ಅಳಿಯ ರಾಮರಾಯ, ಅವನು ಸತ್ತದ್ದು 1565ರ ಯುದ್ಧದಲ್ಲಿ. ಕಾಲದ ಬಗ್ಗೆ ತಕರಾರಿಗೆ ಜಾಗವೇ ಇಲ್ಲ.

ಮೆಟ್ಟು_ಎಣಿಸುವವ
ಮುಖಾರಿ ವಿಷಯಕ್ಕೆ ಬರ್ತೀನಿ. ಸ್ವರದ ಹೆಸರು ನೋಡಬೇಡಿ, ಅದೇ ಪುಸ್ತಕದಲ್ಲಿ ವೀಣೆಯ ಅಧ್ಯಾಯ, ವೀಣಾ ಪ್ರಕರಣ ತೆಗೆಯಿರಿ. ಷಡ್ಜದ ತಂತಿಯಲ್ಲಿ ಅವನ ಮೊದಲ ಮೆಟ್ಟು ಶುದ್ಧ ರಿಷಭ, ಎರಡನೆಯದು ಶುದ್ಧ ಗಾಂಧಾರ, ಮೂರನೆಯದು ಸಾಧಾರಣ ಗಾಂಧಾರ. ನಿಮ್ಮ ವೀಣೆಯಲ್ಲಿ ಆ ಎರಡನೇ ಮೆಟ್ಟನ್ನು ನೀವು ಚತುಶ್ರುತಿ ರಿಷಭ ಅಂತೀರಿ, ಅಷ್ಟೇ. ಹಾಗಾಗಿ ಅವನ ಮುಖಾರಿ ಇವತ್ತಿನ 72 ಮೇಳಗಳಲ್ಲಿ ಮೊದಲನೆಯದಾದ ಕನಕಾಂಗಿಯ ಸ್ವರಗಳೇ. ಹೆಸರು ಉಳಿಯಿತು, ರಾಗ ಬೇರೆಯಾಯಿತು.

ಶ್ರುತಿ_ಜಗಳ
ಅಷ್ಟು ಸಲೀಸಲ್ಲ ಸ್ವಾಮಿ. ಒಂದು ಸ್ಥಾಯಿಯನ್ನು 22 ಶ್ರುತಿ, ಅಂದ್ರೆ ಸಣ್ಣ ಅಂತರಗಳಾಗಿ ಎಣಿಸುವ ಹಳೆಯ ಲೆಕ್ಕದಲ್ಲಿ ರಿಷಭಕ್ಕೆ ಮೂರು ಶ್ರುತಿ, ಗಾಂಧಾರಕ್ಕೆ ಎರಡು. ರಾಮಾಮಾತ್ಯನೂ ಅದನ್ನೇ ಹೇಳುತ್ತಾನೆ. ಆದ್ರೆ ಮೆಟ್ಟಿನ ಮೇಲೆ ಎರಡಕ್ಕೂ ಒಂದೊಂದೇ ಹೆಜ್ಜೆ! ನನ್ನ ಪ್ರಕಾರ ಲೆಕ್ಕ ಹಿಂದಿನ ಕಾಲದ ಸಂಗೀತರತ್ನಾಕರ ಬರೆದ ಶಾರ್ಙ್ಗದೇವನದು, ಕಿವಿ ಮಾತ್ರ ರಾಮಾಮಾತ್ಯನದೇ. ಅಂತರ ಗಾಂಧಾರಕ್ಕೆ ಬೇರೆ ಮೆಟ್ಟು ಹಾಕಿದರೆ ಇಕ್ಕಟ್ಟಾಗುತ್ತದೆ ಅಂತ ಪಕ್ಕದ ಚ್ಯುತಮಧ್ಯಮ ಗಾಂಧಾರವನ್ನೇ ಅದರ ಪ್ರತಿನಿಧಿ ಮಾಡಿಕೊಂಡ. ನುಡಿಸುವವನು ಮಾಡುವ ಕೆಲಸ ಅದು. ಮುಂದಿನ ಶತಮಾನದಲ್ಲಿ ಚತುರ್ದಂಡೀಪ್ರಕಾಶಿಕೆ ಬರೆದ ವೆಂಕಟಮಖಿ ಇವನನ್ನು ಚೆನ್ನಾಗಿಯೇ ಝಾಡಿಸಿದ, ಅದು ಬೇರೆ ಕಥೆ.

ಸಾರಣಿ_ತಂತಿ
ಈಗಷ್ಟೇ ವೀಣೆ ಇಳಿಸಿ ನುಡಿಸಿ ನೋಡಿದೆ. ಒಂದನೇ, ಎರಡನೇ ಮೆಟ್ಟು, ಅಲ್ಲಿಂದ ಸೀದಾ ಐದಕ್ಕೆ ಹಾರಬೇಕು. ಮುಖಾರಿ ಅಂತ ಕರೆಯಲು ಬಾಯೇ ಬರಲ್ಲ. ಒಳಗಿಂದ ಅಮ್ಮ, 'ತಂತಿ ಸಡಿಲ ಆಗಿದ್ಯೇನೋ?' ಅಂದ್ರು.