ನೀರು ಹಾಕಿದವರು ಯಾರು?

ಗಿರಿ ಬಟ್ಟಲನ್ನು ತಲೆಕೆಳಗು ಮಾಡಿ ಹಿಡಿದ. ಒಳಗಿದ್ದದ್ದು ಬೀಳಲಿಲ್ಲ. ಅಲ್ಲಾಡಿಸಿದ. ಆಗಲೂ ಬೀಳಲಿಲ್ಲ.

“ನೋಡ್ರಪ್ಪಾ, ಐದು ನಿಮಿಷದ ಹಿಂದೆ ಇದು ಎಣ್ಣೆಯ ಹಾಗೆ ಹರಿಯುತ್ತಿತ್ತು. ಈಗ ಇದರಲ್ಲಿ ಹಣ್ಣು ಅದ್ದಬೇಕು ಅಂದರೆ ಮೊದಲು ಸುತ್ತಿಗೆ, ಉಳಿ ತರಬೇಕು,” ಅಂದ.

ನಾವು ಐದು ಜನ ಒಲೆಯ ಸುತ್ತ ಸಪ್ಪೆ ಮುಖ ಹಾಕಿಕೊಂಡು ನಿಂತಿದ್ದೆವು. ಬಟ್ಟಲಲ್ಲಿದ್ದದ್ದು 200 ಗ್ರಾಂ ಒಳ್ಳೆಯ ಡಾರ್ಕ್ ಚಾಕೊಲೇಟ್. ಈಗ ಅದು ಒದ್ದೆ ಮರಳಿನ ಮುದ್ದೆ. ಹೊಳಪೆಲ್ಲ ಹೋಗಿ, ಕಾಳುಕಾಳಾಗಿ, ಚಮಚವನ್ನು ಕಚ್ಚಿಕೊಂಡು ಕೂತಿತ್ತು. ಚಮಚ ಎತ್ತಿದರೆ ಬಟ್ಟಲೂ ಜೊತೆಗೇ ಬರುತ್ತಿತ್ತು.

ಕರಗಿಸಿದ ಚಾಕೊಲೇಟಿನಲ್ಲಿ ಹಣ್ಣು, ಬಿಸ್ಕತ್ತು ಅದ್ದಿ ತಿನ್ನುವ ಈ ಫಾಂಡ್ಯೂ ಯೋಚನೆ ಹುಟ್ಟಿದ್ದು ನನ್ನ ಅಟ್ಟದಲ್ಲಿ. ಯಾರೋ ಉಡುಗೊರೆ ಕೊಟ್ಟ ಫಾಂಡ್ಯೂ ಸೆಟ್ಟೊಂದು ಮೂರು ವರ್ಷದಿಂದ ಡಬ್ಬ ಒಡೆಯದೆ ಅಲ್ಲೇ ಬಿದ್ದಿತ್ತು. ಒಂದು ಪುಟ್ಟ ಪಿಂಗಾಣಿ ಪಾತ್ರೆ, ಕೆಳಗೆ ಮೇಣದಬತ್ತಿ ಇಡುವ ಸ್ಟ್ಯಾಂಡು, ಆರು ಉದ್ದ ಫೋರ್ಕು. ಇನ್ನೊಬ್ಬರಿಗೆ ಉಡುಗೊರೆ ದಾಟಿಸೋಣ ಅಂತ ಕೆಳಗಿಳಿಸಿದ್ದೆ. ಅದೇ ಹೊತ್ತಿಗೆ ಸೀನ ಬಂದ, ನೋಡಿಬಿಟ್ಟ. ಸೀನ ನೋಡಿದ ಅಂದರೆ ಎಲ್ಲರೂ ನೋಡಿದ ಹಾಗೆ. ಭಾನುವಾರ ಸಂಜೆಗೆ ಗಿರಿ, ಮಂಜುಳಾ, ವಿಮಲಾ ಕೂಡ ಹಾಜರು.

“ಇದಕ್ಕೆ ಸೀಝ್ ಆಗೋದು ಅಂತಾರೆ,” ಅಂದಳು ಮಂಜುಳಾ. ನಮ್ಮ ಗುಂಪಿನಲ್ಲಿ ತೂಕ, ಅಳತೆ, ಕಾರಣ ಎಲ್ಲ ಅವಳ ಖಾತೆ.

“ಅಂದರೆ ಜಪ್ತಿ. ನಮ್ಮ ಚಾಕೊಲೇಟ್ ಜಪ್ತಿ ಆಗಿದೆ,” ಅಂದ ಗಿರಿ. “ಸಾಲ ಯಾರು ತೀರಿಸಿಲ್ಲ ಹೇಳಿ?”

“ಸಾಲ ಅಲ್ಲ ಕಣೋ, ನೀರು. ಯಾರೋ ನೀರು ಬೀಳಿಸಿದ್ದಾರೆ.”

“ನೀರು ಬಿದ್ದರೆ ತೆಳ್ಳಗಾಗಬೇಕಲ್ವಾ? ಇದು ಗಟ್ಟಿಯಾಗಿದೆ!”

ಅಲ್ಲಿಗೆ ಮಂಜುಳಾಗೆ ಮಾತಾಡಲು ಜಾಗ ಸಿಕ್ಕಿತು. ಚಾಕೊಲೇಟಿನಲ್ಲಿ ನೀರು ಹೆಚ್ಚುಕಮ್ಮಿ ಇರುವುದೇ ಇಲ್ಲವಂತೆ. ಸಕ್ಕರೆ, ಕೋಕೋ ಎರಡೂ ಒಣ ಪುಡಿ. ಅವು ಕೋಕೋ ಬೆಣ್ಣೆಯೊಳಗೆ ಒಂದಕ್ಕೊಂದು ಸೋಕದೆ ಓಡಾಡಿಕೊಂಡಿರುತ್ತವೆ. ಅಲ್ಲಿಗೆ ನಾಲ್ಕು ಹನಿ ನೀರು ಬಿದ್ದರೆ ಸಕ್ಕರೆ ಅದನ್ನು ಹೀರಿಕೊಂಡು ಪಾಕದ ಹಾಗೆ ಅಂಟಾಗುತ್ತದೆ. ಆ ಅಂಟಿಗೆ ಕೋಕೋ ಬಂದು ಮೆತ್ತಿಕೊಳ್ಳುತ್ತದೆ. ಮುಗಿಯಿತು, ಎಲ್ಲ ಸೇರಿ ಒಂದು ಮುದ್ದೆ.

“ಹಾಗಾದರೆ ಆ ನಾಲ್ಕು ಹನಿ ಬಂದದ್ದು ಎಲ್ಲಿಂದ?” ಅಂತ ವಿಮಲಾ ಕೇಳಿದಳು. ವಿಚಾರಣೆ ಶುರುವಾಯಿತು.

ಮೊದಲ ಆರೋಪಿ ಗಿರಿ. ಅವನು ರುಚಿ ನೋಡಿದ ಚಮಚವನ್ನೇ ಮತ್ತೆ ಬಟ್ಟಲಿಗೆ ಇಳಿಸಿದ್ದನ್ನು ಇಬ್ಬರು ಕಣ್ಣಾರೆ ಕಂಡಿದ್ದರು.

“ಒಂದೇ ಸಲ,” ಅಂದ ಗಿರಿ.

“ನಾಲ್ಕು ಸಲ,” ಅಂದಳು ವಿಮಲಾ.

“ನೆಕ್ಕಿದ ಚಮಚ ಒಣಗಿರುತ್ತದೆ. ನಾನು ಅಷ್ಟು ಚೆನ್ನಾಗಿ ನೆಕ್ಕುತ್ತೇನೆ.”

ಎರಡನೆಯವಳು ವಿಮಲಾ. ತೊಳೆದ ಸ್ಟ್ರಾಬೆರಿ ಜರಡಿಯನ್ನು ಬಟ್ಟಲ ಮೇಲಿಂದಲೇ ದಾಟಿಸಿಕೊಂಡು ಹೋಗಿದ್ದಳು. ಜರಡಿ ತೊಟ್ಟಿಕ್ಕುತ್ತಿತ್ತಾ? “ಸ್ವಲ್ಪ.” ಸೀನನ ಮೇಲೂ ಅನುಮಾನವಿತ್ತು. ಅವನು ಚಾಕೊಲೇಟ್ ಕರಗುವಷ್ಟು ಹೊತ್ತೂ ಬಟ್ಟಲ ಮೇಲೆ ಬಗ್ಗಿಕೊಂಡು ಭಾಷಣ ಮಾಡಿದ್ದ. ಸೀನನ ಮಾತಿನ ಜೊತೆ ತುಂತುರು ಮಳೆ ಉಚಿತ. ಮಂಜುಳಾ ಕೂಡ ತಪ್ಪಿಸಿಕೊಳ್ಳಲಿಲ್ಲ. ಬಟ್ಟಲನ್ನು ಕೂರಿಸಿದ್ದ ಕೆಳಗಿನ ಪಾತ್ರೆಗೆ ನೀರು ಹಾಕಿ ಒಲೆ ಹಚ್ಚಿದವಳು ಅವಳೇ. ಆ ನೀರು ಕೊತಕೊತ ಕುದಿಯುತ್ತಿತ್ತು. ಆವಿ ಬಟ್ಟಲಿನ ಅಂಚಿನವರೆಗೂ ಬರುತ್ತಿತ್ತು.

“ಅದು ಸಣ್ಣಗೆ ಬಿಸಿಯಾಗುತ್ತಿದ್ದರೆ ಸಾಕು, ಬಟ್ಟಲಿನ ತಳಕ್ಕೆ ನೀರು ತಾಗಬಾರದು, ಅಂತ ಹೇಳಿಯೇ ಫೋನ್ ಬಂತೂಂತ ಆಚೆ ಹೋದೆ,” ಅಂದಳು. “ಐದು ನಿಮಿಷ ನೋಡಿಕೊಳ್ಳಿ ಅಂದಿದ್ದೆ. ಯಾರಿಗೆ ಅಂದಿದ್ದೆ?”

ಯಾರೂ ಉತ್ತರ ಕೊಡಲಿಲ್ಲ. ನಾನು ಫ್ರಿಜ್ಜಿಗೆ ಒರಗಿಕೊಂಡು ನಿಂತಿದ್ದೆ. ಅಲ್ಲೇ ಯಾಕೆ ನಿಂತಿದ್ದೆ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

“ಅಷ್ಟಕ್ಕೂ ಕುದಿಸೋದು ಯಾಕೆ?” ಮಂಜುಳಾ ಬಿಡಲಿಲ್ಲ. “ಕೋಕೋ ಬೆಣ್ಣೆ ಸುಮಾರು 34 ಡಿಗ್ರಿಗೇ ಕರಗುತ್ತದೆ. ನಮ್ಮ ಮೈಯ ಬಿಸಿಯೇ 37. ಡಾರ್ಕ್ ಚಾಕೊಲೇಟ್ 50 ಡಿಗ್ರಿ ದಾಟದ ಹಾಗೆ ನೋಡಿಕೊಳ್ಳಬೇಕು. ಹಾಲಿನದು, ಬಿಳಿಯದು ಇನ್ನೂ ನಾಜೂಕು, 45ಕ್ಕೇ ನಿಲ್ಲಿಸಬೇಕು.”

“ಅಂದರೆ ಬಾಯಿಯ ಬಿಸಿಯೇ ಸಾಕು,” ಅಂದ ಗಿರಿ. “ನಾನು ಅದನ್ನೇ ಮಾಡುತ್ತಿದ್ದೆ. ನೀವೇ ತಡೆದಿರಿ.”

ಮುದ್ದೆಯನ್ನು ಎಸೆಯೋಣ ಅಂತ ವಿಮಲಾ ಕೈ ಹಾಕಿದಳು. ಮಂಜುಳಾ ತಡೆದಳು. ಆಮೇಲೆ ಅವಳು ಮಾಡಿದ್ದನ್ನು ನೋಡಿ ಸೀನ ಕೂಡ ಅರ್ಧ ನಿಮಿಷ ಬಾಯಿ ಮುಚ್ಚಿದ. ಅದು ಅಪರೂಪ. ಹಾಲು ಬಿಸಿ ಮಾಡಿದಳು. ಒಂದು ಚಮಚ ಹಾಕಿ ಕಲಸಿದಳು. ಮುದ್ದೆ ಇನ್ನೂ ಕೊಸರಾಡಿತು. ಎರಡನೇ ಚಮಚಕ್ಕೆ ಅದು ಎಣ್ಣೆ ಬಿಟ್ಟುಕೊಂಡು ಇನ್ನಷ್ಟು ಅಸಹ್ಯವಾಗಿ ಕಂಡಿತು. ಆದರೂ ಅವಳು ಬಿಡಲಿಲ್ಲ. ಐದಾರು ಚಮಚ ಆಗುವ ಹೊತ್ತಿಗೆ ಬಟ್ಟಲಿನ ಮಧ್ಯದಲ್ಲಿ ಒಂದು ಪುಟ್ಟ ಹೊಳಪು ಕಾಣಿಸಿತು. ಕೈ ತಿರುಗಿದ ಹಾಗೆ ಅದು ಅಂಚಿನ ಕಡೆ ಹರಡುತ್ತಾ ಹೋಯಿತು. ಕಾಳುಗಳು ಒಂದೊಂದಾಗಿ ಮಾಯವಾದವು. ಚಮಚ ಎತ್ತಿದರೆ ಕಪ್ಪು ರಿಬ್ಬನ್ನಿನ ಹಾಗೆ ಮಡಿಸಿಕೊಂಡು ಬಿತ್ತು.

“ಇದೇನೇ ಇದು? ಹಾಲಲ್ಲಿ ಇರೋದೂ ಹೆಚ್ಚಾಗಿ ನೀರೇ ತಾನೆ. ನೀರು ಬಿದ್ದು ಕೆಟ್ಟದ್ದಕ್ಕೆ ಮತ್ತೆ ನೀರೇ ಔಷಧಿನಾ?”

“ಸ್ವಲ್ಪ ನೀರು ಅಂಟಿಸುತ್ತದೆ. ಜಾಸ್ತಿ ನೀರು ಆ ಸಕ್ಕರೆಯನ್ನೇ ಕರಗಿಸಿಬಿಡುತ್ತದೆ. ಇದನ್ನು ಅಚ್ಚಿಗೆ ಹಾಕಿ ಬಾರ್ ಮಾಡಲು ಆಗಲ್ಲ. ಸಾಸ್‌ಗೆ ಏನೂ ತೊಂದರೆ ಇಲ್ಲ.”

ಅದು ಪಿಂಗಾಣಿ ಪಾತ್ರೆಯವರೆಗೆ ಹೋಗಲೇ ಇಲ್ಲ. ಒಲೆಯ ಹತ್ತಿರವೇ ನಿಂತು, ಬಿಸ್ಕತ್ತು ಅದ್ದಿಕೊಂಡು ಐದು ಜನ ಖಾಲಿ ಮಾಡಿದೆವು. ಗಿರಿ ಬಟ್ಟಲನ್ನು ಮತ್ತೆ ತಲೆಕೆಳಗು ಮಾಡಿ ತೋರಿಸಿದ. ಈ ಸಲವೂ ಏನೂ ಬೀಳಲಿಲ್ಲ.

ಇನ್ನೂ ಒಂದು 200 ಗ್ರಾಂ ಉಳಿದಿತ್ತು. ವಿಮಲಾ ಚಾಕೊಲೇಟ್ ಚಿಪ್ಸ್ ಕೂಡ ತಂದಿದ್ದಳು. ಮಂಜುಳಾ ಅದನ್ನು ಬದಿಗೆ ಸರಿಸಿದಳು. ಬಿಸ್ಕತ್ತಿನೊಳಗೆ ಬೆಂದರೂ ಆಕಾರ ಕೆಡಬಾರದು ಅಂತಲೇ ಮಾಡಿದ ಮಾಲು ಅದು, ಕರಗು ಅಂದರೆ ಸುಲಭಕ್ಕೆ ಕರಗಲ್ಲ. ನನ್ನ ಪ್ರಕಾರ ಇದರಲ್ಲಿ ದೊಡ್ಡ ವಿದ್ಯೆ ಏನಿಲ್ಲ. ಸುಮ್ನೆ ಮುರಿದು ತಿಂದರೆ ಯಾವ ಬಾರ್ ನಿಮಗೆ ಹಿಡಿಸುತ್ತದೋ ಅದನ್ನೇ ಕರಗಿಸಿ. ಕರಗಿಸಿದ ಮಾತ್ರಕ್ಕೆ ಕೆಟ್ಟ ಚಾಕೊಲೇಟ್ ಒಳ್ಳೆಯದಾಗಲ್ಲ.

ಈ ಸಲ ಮಂಜುಳಾ ಒಲೆಯ ಮೇಲೆ ಚಾಕೊಲೇಟ್ ಇಡಲೇ ಇಲ್ಲ. ಚಾಕುವಿನಲ್ಲಿ ಸಣ್ಣಗೆ ಹೆಚ್ಚಿ, ಬಟ್ಟೆಯಲ್ಲಿ ಒರೆಸಿದ ಬಟ್ಟಲಿಗೆ ಹಾಕಿದಳು. 150 ಮಿಲಿ ಲೀಟರ್ ಕ್ರೀಮ್ ಅನ್ನು ಅಂಚಿನಲ್ಲಿ ಸಣ್ಣ ಗುಳ್ಳೆ ಏಳುವವರೆಗೆ ಬಿಸಿ ಮಾಡಿದಳು. ಕುದಿಯಲು ಬಿಡಲಿಲ್ಲ. ಅದನ್ನು ಚಾಕೊಲೇಟಿನ ಮೇಲೆ ಸುರಿದು, ಚಿಟಿಕೆ ಉಪ್ಪು ಹಾಕಿ, “ಮೂರು ನಿಮಿಷ ಯಾರೂ ಮುಟ್ಟಬಾರದು,” ಅಂದಳು.

ಫಾಂಡ್ಯೂ ಮಾಡುವುದರಲ್ಲಿ ಇಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ. ಐದು ಜನ ದೊಡ್ಡವರು, ಐದು ಚಮಚ, ಮೂರು ನಿಮಿಷ. ಗಿರಿ ಕೈ ಹಿಂದೆ ಕಟ್ಟಿಕೊಂಡ. ನಾನು ಗಡಿಯಾರ ನೋಡಿದೆ. ಇಪ್ಪತ್ತು ಸೆಕೆಂಡ್ ಆಗಿತ್ತು.

ಉಳಿದ ಹೊತ್ತನ್ನು ಸೀನ ತುಂಬಿದ. ಮಂಜುಳಾ ಅವನನ್ನು ಬಟ್ಟಲಿನಿಂದ ಎರಡು ಮಾರು ದೂರ ನಿಲ್ಲಿಸಿದ ಮೇಲೆ.

“ಫಾಂಡ್ಯೂ ಅಂದರೆ ಫ್ರೆಂಚ್‌ನಲ್ಲಿ ಕರಗಿದ್ದು ಅಂತ. ಮೂಲದಲ್ಲಿ ಇದು ಚೀಸಿಂದು. ಸ್ವಿಟ್ಜರ್ಲೆಂಡಿನ ಚೀಸ್ ಒಕ್ಕೂಟ 1930ರ ದಶಕದಲ್ಲಿ, ಚೀಸ್ ಖರ್ಚಾಗಲಿ ಅಂತ, ಇದನ್ನು ಇಡೀ ದೇಶದ ಊಟ ಅಂತ ಪ್ರಚಾರ ಮಾಡಿತು. ಚಾಕೊಲೇಟಿಂದು ಮಾತ್ರ ಹುಟ್ಟಿದ್ದು ನ್ಯೂಯಾರ್ಕಿನಲ್ಲಿ. 1960ರ ದಶಕ. ಕೋನ್ರಾಡ್ ಎಗ್ಲಿ ಅಂತ ಸ್ವಿಸ್ ಮನುಷ್ಯ. ಅವನ ಹೋಟೆಲು ಶಾಲೆ ಸ್ವಿಸ್.”

“ಶಾಲೆಯಲ್ಲಿ ಹೋಟೆಲಾ?”

“ಶಾಲೆ ಅಂದರೆ ಅವರಲ್ಲಿ ಬೆಟ್ಟದ ಮೇಲಿನ ಮರದ ಮನೆ ಕಣೋ.”

“ಅಲ್ಲ, ನಮ್ಮ ಶಾಲೆಯಲ್ಲಿ ಇದನ್ನು ಮಾಡಿದ್ದರೆ ನಾನು ಒಂದು ದಿನವೂ ತಪ್ಪಿಸುತ್ತಿರಲಿಲ್ಲ.”

“ಕೇಳೋ. ಟೋಬ್ಲೆರೋನ್ ಚಾಕೊಲೇಟಿನ ಪ್ರಚಾರಕ್ಕೆ ಅಂತ ಅವನು ಇದನ್ನು ಶುರು ಮಾಡಿದ. ಆ ತ್ರಿಕೋನದ ಬಾರ್ ಇದೆಯಲ್ಲ, ಜೇನು, ಬಾದಾಮಿ ಇರೋದು, ಅದನ್ನೇ ಕರಗಿಸಿದ.”

“ಅಂದರೆ ಚೀಸಿಂದೂ ಮಾರಾಟಕ್ಕೆ, ಚಾಕೊಲೇಟಿಂದೂ ಮಾರಾಟಕ್ಕೆ. ಹಸಿವಿಗೆ ಅಂತ ಯಾರೂ ಏನೂ ಮಾಡಲಿಲ್ಲ,” ಅಂದಳು ವಿಮಲಾ.

ಮೂರು ನಿಮಿಷ ಆಯಿತು. ಮಂಜುಳಾ ಚಮಚವನ್ನು ಮಧ್ಯದಲ್ಲಿ ಇಳಿಸಿ ಸಣ್ಣ ಸುತ್ತು ಹಾಕಿದಳು. ಆಮೇಲೆ ನಿಧಾನವಾಗಿ ದೊಡ್ಡ ಸುತ್ತು. ಮೊದಲು ಬಿಳಿ ಕ್ರೀಮಿನಲ್ಲಿ ಕಪ್ಪು ಗೆರೆ, ನೋಡುತ್ತಿದ್ದ ಹಾಗೇ ಎಲ್ಲ ಕಪ್ಪು. ಅಷ್ಟೇ. ಜಗಳವಿಲ್ಲ, ಜಪ್ತಿಯಿಲ್ಲ. ಪಿಂಗಾಣಿ ಪಾತ್ರೆಗೆ ಸುರಿದು ಕೆಳಗೆ ಮೇಣದಬತ್ತಿ ಹಚ್ಚಿದೆವು. ಆ ಪುಟ್ಟ ದೀಪ ಕರಗಿಸಲಿಕ್ಕಲ್ಲ, ಚಾಕೊಲೇಟ್ ತಣ್ಣಗಾಗದ ಹಾಗೆ ನೋಡಿಕೊಳ್ಳಲಿಕ್ಕೆ.

ಫೋರ್ಕುಗಳ ಹಿಡಿಯ ತುದಿಗೆ ಒಂದೊಂದು ಬಣ್ಣ ಇರುತ್ತದೆ, ಯಾರದು ಯಾವುದು ಅಂತ ಗೊತ್ತಾಗಲಿ ಅಂತ. ನಾವು ಐದು ಜನ, ಫೋರ್ಕು ಆರು. ಆರನೆಯದೂ ಗಿರಿಯ ಇನ್ನೊಂದು ಕೈಯಲ್ಲಿತ್ತು.

“ಚೀಸ್ ಫಾಂಡ್ಯೂದಲ್ಲಿ ಬ್ರೆಡ್ ತುಂಡು ಪಾತ್ರೆಯೊಳಗೆ ಬಿದ್ದರೆ ಬೀಳಿಸಿದವರಿಗೆ ದಂಡ,” ಅಂದ ಸೀನ. “ಎಲ್ಲರಿಗೂ ಕುಡಿಯಲು ಕೊಡಿಸಬೇಕು, ಇಲ್ಲವೇ ಪಕ್ಕದಲ್ಲಿ ಕೂತವರಿಗೆ ಮುತ್ತು ಕೊಡಬೇಕು.”

ಗಿರಿಯ ಪಕ್ಕದಲ್ಲಿ ಕೂತಿದ್ದವನು ಸೀನನೇ. ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದಂಡ ಬದಲಾಗಿ ಪಾತ್ರೆ ತೊಳೆಯುವುದು ಅಂತ ಆಯಿತು.

ಯಾವುದು ಅದ್ದಲು ಚೆನ್ನ ಅಂತ ಆಮೇಲೆ ಒಂದು ಗಂಟೆ ಚರ್ಚೆ. ವಿಮಲಾ ಸ್ಟ್ರಾಬೆರಿ ಪಕ್ಷ. ಆದರೆ ಈಗ ಒಂದೊಂದನ್ನೂ ಮಗುವಿನ ತಲೆ ಒರೆಸಿದ ಹಾಗೆ ಒರೆಸುತ್ತಿದ್ದಳು. ಒದ್ದೆ ಹಣ್ಣಿಗೆ ಚಾಕೊಲೇಟ್ ಹಿಡಿಯುವುದಿಲ್ಲ, ಜಾರಿ ಹೋಗುತ್ತದೆ. ಸೀನ ಫ್ರಿಜ್ಜಿನ ತಣ್ಣನೆಯ ದ್ರಾಕ್ಷಿ ತಂದ. ಅದರ ಮೇಲೆ ಚಾಕೊಲೇಟ್ ಅಲ್ಲೇ ದಪ್ಪಗಾಯಿತು. ಅವನಿಗೆ ಅದೇ ಇಷ್ಟವಾಯಿತು, ಇರಲಿ. ಕೇಕಿನಲ್ಲಿ ಇವತ್ತಿನದಕ್ಕಿಂತ ನಿನ್ನೆಯದು ವಾಸಿ, ಪುಡಿಯಾಗಿ ಉದುರಲ್ಲ. ನನ್ನ ವೋಟು ಉಪ್ಪು ಬಿಸ್ಕತ್ತಿಗೆ. ಸಿಹಿಗೆ ಸಿಹಿ ಅದ್ದಿದರೆ ನಾಲ್ಕನೆಯದಕ್ಕೇ ನಾಲಿಗೆ ಸುಸ್ತಾಗುತ್ತದೆ. ಉಪ್ಪು ಇದ್ದರೆ ಹದಿನಾಲ್ಕರವರೆಗೂ ಹೋಗಬಹುದು. ಹೋಗಿದ್ದೇನೆ.

ಗಿರಿ ಬಾಳೆಹಣ್ಣನ್ನು ಕಾಗದದಷ್ಟು ತೆಳ್ಳಗೆ ಹೆಚ್ಚಿಕೊಂಡಿದ್ದ. ಎರಡು ಫೋರ್ಕಿಗೂ ಎರಡು ಬಿಲ್ಲೆ ಚುಚ್ಚಿ ಒಟ್ಟಿಗೆ ಅದ್ದಿದ. ಫೋರ್ಕು ಎರಡೂ ಬರಿಗೈಯಲ್ಲಿ ವಾಪಸು ಬಂದವು.

“ಎರಡು ದಂಡ!” ಅಂತ ವಿಮಲಾ ಕೂಗಿದಳು.

“ಬೆರಳು ದಪ್ಪ ಹೆಚ್ಚಬೇಕಿತ್ತು,” ಅಂದಳು ಮಂಜುಳಾ.

“ಫೋರ್ಕು ಸರಿ ಇಲ್ಲ,” ಅಂದ ಗಿರಿ.

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾರು ಸಿಂಕಿನ ಪಕ್ಕದಲ್ಲಿದೆ.”

ತಳದಲ್ಲಿ ಇನ್ನೂ ಎರಡು ಸೌಟಿನಷ್ಟು ಉಳಿದಿತ್ತು. ಫ್ರಿಜ್ಜಿನಲ್ಲಿಟ್ಟರೆ ನಾಳೆ ಗಟ್ಟಿಯಾಗುತ್ತದೆ, ಉಂಡೆ ಕಟ್ಟಿ ಕೋಕೋ ಪುಡಿಯಲ್ಲಿ ಹೊರಳಿಸಿದರೆ ಟ್ರಫಲ್ ಅಂತ ಮಂಜುಳಾ ಹೇಳುತ್ತಿದ್ದಳು. ಬಿಸಿ ಹಾಲಿಗೆ ಒಂದು ಚಮಚ ಹಾಕಿ ಕುಡಿಯುವುದೇ ಸರಿ ಅಂತ ಸೀನ ವಾದಿಸುತ್ತಿದ್ದ. ಅಷ್ಟರಲ್ಲಿ ಮೇಣದಬತ್ತಿ ಆರಿತು.

“ಬೆಂಕಿಪೊಟ್ಟಣ ಎಲ್ಲಿ?” ಅಂತ ವಿಮಲಾ ಎದ್ದಳು.

“ಕೂತ್ಕೋ, ನಾನು ತರುತ್ತೇನೆ,” ಅಂದೆ. ಸ್ವಲ್ಪ ಜೋರಾಗಿಯೇ ಅಂದೆ.

ಅವಳು ಆಗಲೇ ಫ್ರಿಜ್ಜಿನ ಮೇಲೆ ಕೈ ಚಾಚಿದ್ದಳು. ಕೈಗೆ ಸಿಕ್ಕಿದ್ದು ಬೆಂಕಿಪೊಟ್ಟಣವಲ್ಲ. ಸ್ಟೀಲಿನ ಮುಚ್ಚಳ. ಚಾಕೊಲೇಟಿನ ಬಟ್ಟಲಿಗೆ ಸರಿಯಾಗಿ ಕೂರುವ ಅಳತೆಯದು. ಬೇಗ ಕರಗಲಿ ಅಂತ ನಾನು ಸಿಂಕಿನಿಂದ ತೆಗೆದು, ಒರೆಸದೆ, ಐದು ನಿಮಿಷ ಮುಚ್ಚಿದ್ದು.

ವಿಮಲಾ ಅದನ್ನು ದೀಪದ ಬೆಳಕಿಗೆ ಹಿಡಿದು ತಿರುಗಿಸಿದಳು. ಒಳಮೈಯಲ್ಲಿ ಇನ್ನೂ ಏಳೆಂಟು ಹನಿ ಮಿನುಗುತ್ತಿದ್ದವು. ಅಂಚಿನಲ್ಲಿ ಒಂದು ಕಪ್ಪು ಕಲೆ.

ಸೀನ ಏನೋ ಹೇಳಲು ಬಾಯಿ ತೆರೆದ. ಗಿರಿ ಅವನಿಗೆ ಕೈ ಅಡ್ಡ ಹಿಡಿದ. ಸಿಂಕಿನ ಹತ್ತಿರ ಹೋಗಿ, ಪಾತ್ರೆ ತಿಕ್ಕುವ ನಾರು ತಂದು, ನನ್ನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿದ.