‘ಮಂಡಿಪೇಟೆ ಮನೆತನ’ ಗುಂಪಿನಲ್ಲಿ ಅಮೆರಿಕದ ಒಂದು ಊರು

ಬೆಳಿಗ್ಗೆ ಆರೂಕಾಲಿಗೆ ಚಿಕ್ಕಪ್ಪ ನಮ್ಮ ಮನೆತನದ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ವಿಡಿಯೋ ಹಾಕಿದರು. ಗಾಜಿನ ಎತ್ತರದ ಕಟ್ಟಡಗಳು, ನಡುವೆ ಕಂಬದ ಮೇಲೆ ಓಡುವ ರೈಲು. ಕೆಳಗೆ ಕೆಂಪಕ್ಷರ: ‘ಸ್ವಂತ ಮನೆ ಇರುವವರೇ ಎಚ್ಚರ! ಸ್ಟೇಷನ್ನಿನಿಂದ 800 ಮೀಟರ್ ಒಳಗೆ ಇನ್ನು ಬರೀ ಟವರ್. ಅಮೆರಿಕದಲ್ಲಿ ಆಗಿದೆ, ಮುಂದೆ ನಿಮ್ಮೂರು.’ ಚಿಕ್ಕಪ್ಪ ತಮ್ಮ ಕಡೆಯಿಂದ ಸೇರಿಸಿದ್ದು ಎರಡೇ ಪದ: ‘ನಾನು ಹೇಳಿದ್ದೆ.’

ಏನು ಹೇಳಿದ್ದರು, ಯಾವಾಗ ಹೇಳಿದ್ದರು, ಯಾರೂ ಕೇಳಲಿಲ್ಲ. ಅವರ ಪಕ್ಕದ ಸೈಟಿನಲ್ಲಿ ನಾಲ್ಕು ಅಂತಸ್ತಿನ ಪಿಜಿ ಏಳುತ್ತಿದೆ. ಸಂಪಿಗೆ ಗಿಡಕ್ಕೆ ಬಿಸಿಲಿಲ್ಲ, ಹಿತ್ತಲಲ್ಲಿ ಸಿಮೆಂಟಿನ ಧೂಳು. ಆ ಸಿಟ್ಟು ನಮಗೆಲ್ಲ ಗೊತ್ತಿರುವುದೇ. ಅಂದಹಾಗೆ ಅವರ ಮನೆಯಿಂದ ದಾವಣಗೆರೆ ಸ್ಟೇಷನ್ನಿಗೆ ಹೋಗಬೇಕೆಂದರೆ ಆಟೋದವರು ನೂರು ರೂಪಾಯಿಗೆ ಕಡಿಮೆ ಒಪ್ಪುವುದಿಲ್ಲ. 800 ಮೀಟರ್ ಮಾತು ಅವರಿಗೆ ತಾಗುವುದೇ ಇಲ್ಲ.

ಮೊದಲು ಬಂದಿದ್ದು ಕೈ ಮುಗಿದ ಚಿತ್ರಗಳು, ಎರಡು ಶುಭೋದಯ. ಆಮೇಲೆ ದೊಡ್ಡಪ್ಪನ ಮಗ ಎದ್ದ. ಸಿವಿಲ್ ಓದಿದವನು. ಗುಂಪಿನಲ್ಲಿ ಅವನ ಕೆಲಸ ಒಂದೇ. ‘ಚಿಕ್ಕಪ್ಪ, ಇದರ ಮೂಲ ಏನು? ಇದು ಯಾವ ಊರು? ದಾವಣಗೆರೆಯಲ್ಲಿ ಮೆಟ್ರೋ ಎಲ್ಲಿದೆ?’ ಮೂರೂ ಸರಿಯಾದ ಪ್ರಶ್ನೆಗಳೇ. ಆದರೆ ಕೊನೆಗೆ ಒಂದು ನಗುವ ಮುಖ ಹಾಕಿದ್ದ. ಅದು ಬೇಕಿರಲಿಲ್ಲ.

‘ನಿನ್ನ ಮೊದಲನೇ ವರ್ಷದ ಫೀಸು ಕಟ್ಟಿದಾಗ ಆ ದುಡ್ಡಿನ ಮೂಲ ಏನು ಅಂತ ಕೇಳಿದ್ಯೇನಪ್ಪಾ?’ ಅಂದರು ಚಿಕ್ಕಪ್ಪ.

ಟವರ್ ವಿಷಯ ಅಲ್ಲಿಗೆ ಅರ್ಧ ಸತ್ತಿತ್ತು. ಅದಕ್ಕೆ ಮತ್ತೆ ಉಸಿರು ಕೊಟ್ಟಿದ್ದು ಅಮೆರಿಕದ ವರ್ಜೀನಿಯಾದಲ್ಲಿರುವ ಅಣ್ಣ. ಅಲ್ಲಿ ಆಗಿನ್ನೂ ಹಿಂದಿನ ರಾತ್ರಿ, ಊಟ ಮುಗಿಸಿ ಕೂತಿದ್ದನಂತೆ. ‘ಇದು ಟೈಸನ್ಸ್, ನನ್ನ ಮನೆ ಹತ್ತಿರವೇ’ ಎಂದು ಶುರು ಮಾಡಿ ಉದ್ದಕ್ಕೆ ಬರೆದ. ‘ಇನ್ನಷ್ಟು ಓದಿ’ ಒತ್ತಿದ್ದು ಬಹುಶಃ ನಾನೊಬ್ಬನೇ.

ಅವನು ಬರೆದಿದ್ದು ಇಷ್ಟು. ಟೈಸನ್ಸ್ ಇರುವುದು ವಾಷಿಂಗ್ಟನ್ ಪಕ್ಕದ ಫೇರ್‌ಫ್ಯಾಕ್ಸ್ ಕೌಂಟಿಯಲ್ಲಿ. 1968ರಲ್ಲಿ ಅಲ್ಲೊಂದು ದೊಡ್ಡ ಮಾಲ್ ಬಂತು. ಬೆನ್ನಿಗೇ ಆಫೀಸುಗಳು, ದಾಟಲಾಗದಷ್ಟು ಅಗಲದ ರಸ್ತೆಗಳು, ಎತ್ತ ನೋಡಿದರೂ ಕಾರು ನಿಲ್ಲಿಸುವ ಬಯಲು. 2010ರ ಹೊತ್ತಿಗೆ ದಿನಾ ಕೆಲಸಕ್ಕೆ ಬರುವವರು ಲಕ್ಷದ ಆಸುಪಾಸು, ಅಲ್ಲೇ ವಾಸ ಇರುವವರು 20 ಸಾವಿರಕ್ಕೂ ಕಡಿಮೆ. ಬೆಳಿಗ್ಗೆ ಬರುವಾಗ ಟ್ರಾಫಿಕ್, ಸಂಜೆ ಹೋಗುವಾಗ ಟ್ರಾಫಿಕ್. ಅದಕ್ಕೇ ಆ ವರ್ಷ ಕೌಂಟಿಯವರು ಹೊಸ ಯೋಜನೆ ಮಾಡಿದರು. 2050ಕ್ಕೆ ಒಂದು ಲಕ್ಷ ಜನರಿಗೆ ಮನೆ, ಎರಡು ಲಕ್ಷ ಜನರಿಗೆ ಕೆಲಸ. ಹೊಸದಾಗಿ ಕಟ್ಟುವುದರಲ್ಲಿ ಮುಕ್ಕಾಲು ಪಾಲು ಮೆಟ್ರೋ ಸ್ಟೇಷನ್ನಿಂದ ಅರ್ಧ ಮೈಲಿ ಒಳಗೆ. 2014ರ ಜುಲೈನಲ್ಲಿ ಸಿಲ್ವರ್ ಲೈನ್ ರೈಲು ಬಂತು, ಟೈಸನ್ಸ್ ಒಂದಕ್ಕೇ ನಾಲ್ಕು ಸ್ಟೇಷನ್. ಮನೆ, ಅಂಗಡಿ, ಆಫೀಸು ಒಟ್ಟಿಗೆ ಇರುವ ಟವರುಗಳು ಎದ್ದಿದ್ದು ಹೆಚ್ಚಾಗಿ ಪಾರ್ಕಿಂಗ್ ಬಯಲು, ಹಳೆ ಆಫೀಸು, ಕಾರ್ ಶೋರೂಮ್ ಇದ್ದ ಜಾಗದಲ್ಲಿ.

ಅರ್ಧ ಮೈಲಿ ಅಂದರೆ ಹತ್ತಿರ ಹತ್ತಿರ 800 ಮೀಟರ್. ಸಿವಿಲ್ ತಮ್ಮ ಇದನ್ನು ಹಿಡಿದುಕೊಂಡ. ‘ನಮ್ಮ ಕೇಂದ್ರ ಸರ್ಕಾರದ 2017ರ ನೀತಿಯಲ್ಲೂ ಸ್ಟೇಷನ್ನಿನಿಂದ 500ರಿಂದ 800 ಮೀಟರ್ ಅಂತಿದೆ. ಆರಾಮಾಗಿ ನಡೆದು ಹೋಗುವ ದೂರ ಅದು. ಅಷ್ಟರೊಳಗೆ ಜಾಸ್ತಿ ಕಟ್ಟಲು ಬಿಡಿ ಅಂತ ಹೇಳಿದ್ದಾರೆ. ಇರುವ ಮನೆ ಕೆಡವಿ ಅಂತಲ್ಲ.’ ಈ ಸಲ ನಗುವ ಮುಖ ಇರಲಿಲ್ಲ. ಚಿಕ್ಕಪ್ಪ ಬಿಡಬೇಕಲ್ಲ. ‘ಸ್ಮಾರ್ಟ್ ಸಿಟಿ ಬಂದಾಗಲೂ ಹೀಗೇ ನುಣ್ಣಗೆ ಹೇಳಿದ್ರಿ. 2016ರಲ್ಲಿ ಮೊದಲ 20 ಊರಿನ ಪಟ್ಟಿಯಲ್ಲಿ ನಾವು ಅಂತ ಪೇಡಾ ಹಂಚಿದ್ದು ಯಾರು?’ ಹಂಚಿದ್ದು ದೊಡ್ಡಪ್ಪ.

ವೈಟ್‌ಫೀಲ್ಡ್ ಅಕ್ಕ ನಡುವೆ ಬಂದಳು. ಅವಳಿಗೆ ಬೇರೆಯದೇ ತಲೆನೋವು. ಬೆಂಗಳೂರು ಮೆಟ್ರೋದ ನೇರಳೆ ಮಾರ್ಗ 2023ರ ಮಾರ್ಚಿನಲ್ಲಿ ಅವರ ಕಡೆ ಬಂದರೂ ಕೆ.ಆರ್. ಪುರದಲ್ಲೇ ನಿಂತಿತ್ತು. ಬೈಯಪ್ಪನಹಳ್ಳಿಯ ಹಳೆ ಮಾರ್ಗಕ್ಕೆ ಸೇರಿದ್ದು ಅಕ್ಟೋಬರಿನಲ್ಲಿ. ‘ಮೆಟ್ರೋ ಬಂತು ಕಣ್ರೋ, ಸ್ಟೇಷನ್ನಿಗೆ ನಡೆಯೋಕೆ ಫುಟ್‌ಪಾತ್ ಬರಲಿಲ್ಲ. ಬೆಂಗಳೂರಿನ 2015ರ ಮಾಸ್ಟರ್ ಪ್ಲಾನಿನಲ್ಲೇ ಸ್ಟೇಷನ್ನಿನಿಂದ 150 ಮೀಟರ್ ಒಳಗೆ ಎಫ್‌ಎಆರ್ 4, ಸೈಟಿನ ನಾಲ್ಕು ಪಟ್ಟು ಕಟ್ಟೋ ಅವಕಾಶ ಕೊಟ್ಟಿದ್ದಾರೆ. ಅಂದ್ರೆ ನಮ್ಮ 40–60 ಸೈಟು 2,400 ಚದರಡಿ ಇದ್ರೆ 9,600 ಚದರಡಿ ಕಟ್ಟಬಹುದು. ಕಟ್ಟಲಿ. ಆದ್ರೆ ಅಷ್ಟು ಜನಕ್ಕೆ ಟ್ಯಾಂಕರ್ ನೀರಾ?’

ಇದಕ್ಕೆ ಉತ್ತರ ಬೇಕಿತ್ತು. ಬಂದಿದ್ದು ದೊಡ್ಡಪ್ಪನ ಪ್ರವಚನ. ‘ಮನೆ ಅಂದರೆ ಅಂಗಳ, ತುಳಸಿ ಕಟ್ಟೆ, ಬಂದವರಿಗೆ ಒಂದು ಲೋಟ ಮಜ್ಜಿಗೆ. ಅಂಗಡಿ ಮೇಲೆ ಮಲಗುವವನಿಗೆ ಸಂಸ್ಕಾರ ಎಲ್ಲಿಂದ ಬರಬೇಕು? ನಿಮ್ಮ ಪೀಳಿಗೆಗೆ ಇದು ಅರ್ಥವಾಗುವುದಿಲ್ಲ.’

ಹೇಳುತ್ತಿರುವುದು ಯಾರು ನೋಡಿ. ದೊಡ್ಡಪ್ಪ, ಚಿಕ್ಕಪ್ಪ, ಅತ್ತೆ, ನಮ್ಮಪ್ಪ ನಾಲ್ವರೂ ಹುಟ್ಟಿ ಬೆಳೆದಿದ್ದು ಮಂಡಿಪೇಟೆಯಲ್ಲಿ, ಅಂಗಡಿ ಮೇಲಿನ ಮನೆಯಲ್ಲಿ. ಕೆಳಗೆ ಅಜ್ಜನ ಮಂಡಿ, ಮೇಲೆ ಸಂಸಾರ. ಆ ಅಂಗಡಿಯ ಬಾಡಿಗೆ ಇವತ್ತಿಗೂ ದೊಡ್ಡಪ್ಪನ ಖಾತೆಗೇ ಬೀಳುತ್ತದೆ.

ಹುಬ್ಬಳ್ಳಿಯ ಅತ್ತೆಮಗನಿಗೆ ಅಷ್ಟೇ ಸಾಕಾಯಿತು. ಅವನು ಹಳೆಯದನ್ನು ತೆಗೆದ. ದುಗ್ಗಮ್ಮನ ಜಾತ್ರೆಗೆ ಬಂದಾಗ ಅಟ್ಟದ ಮೇಲೆ ಸಾಲಾಗಿ ಮಲಗುತ್ತಿದ್ದದ್ದು, ಅಶೋಕ ಟಾಕೀಸ್ ಗೇಟ್ ಬಿದ್ದರೆ ಗೂಡ್ಸ್ ಗಾಡಿಯ ಡಬ್ಬಿ ಎಣಿಸುತ್ತಿದ್ದದ್ದು, ಸಂಜೆ ಮಂಡಕ್ಕಿ ಮೆಣಸಿನಕಾಯಿ. ಒಂದು ಬೆಣ್ಣೆ ದೋಸೆಯ ಫೋಟೋ ಬೇರೆ. ಎಲ್ಲರೂ ಹೃದಯ ಒತ್ತಿದರು. ನಾನೂ ಒತ್ತಿದೆ. ಆಮೇಲೆ ಅವನು ಸುಮ್ಮನಿರದೆ, ‘ನಮ್ಮಮ್ಮ ಒಂದು ಸಹಿ ಹಾಕಿ ಬಿಟ್ಟುಕೊಟ್ಟ ಮನೆ ಅದು’ ಎಂದು ಮುಗಿಸಿದ. ಹೃದಯಗಳು ನಿಂತವು. ಒಂದಿಬ್ಬರು ಒತ್ತಿದ್ದನ್ನು ವಾಪಸ್ಸೂ ತೆಗೆದರು.

ಈ ಗದ್ದಲದ ನಡುವೆ ಚಿಕ್ಕಮ್ಮನ ವಾಯ್ಸ್ ಮೆಸೇಜ್ ಬಂತು. ಚಿಕ್ಕಮ್ಮ ಗುಂಪಿನಲ್ಲಿ ಮಾತಾಡುವುದೇ ಅಪರೂಪ. ಹಿಂದೆ ಕುಕ್ಕರ್ ಕೂಗುತ್ತಿತ್ತು. ‘ಮದುವೆಯಾಗಿ ಬಂದವಳು ನಾನು ಆ ಮೇಲಿನ ಮನೆಯಲ್ಲಿ ಹದಿನಾಲ್ಕು ವರ್ಷ ಇದ್ದೀನಿ. ಪೇಟೆ ಹತ್ತಿರ, ಸ್ಕೂಲು ಹತ್ತಿರ, ರಾತ್ರಿ ಹತ್ತಕ್ಕೂ ಬೀದಿಯಲ್ಲಿ ಜನ, ಹೆದರಿಕೆ ಅನ್ನೋದೇ ಇರಲಿಲ್ಲ. ಬ್ಯಾಡಗಿ ಮೆಣಸಿನಕಾಯಿ ಮೂಟೆ ಇಳಿಸಿದ ದಿನ ಮಾತ್ರ ನರಕ. ಮೆಟ್ಟಿಲ ಮೇಲಿಂದ ಘಾಟು ಹತ್ತಿ ಬರ್ತಿತ್ತು. ತೊಟ್ಟಿಲಿಗೆ ಒದ್ದೆ ಸೀರೆ ಹೊದಿಸ್ತಿದ್ದೆ, ಮಗು ಸೀನಿ ಸೀನಿ ಕೆಂಪಾಗ್ತಿತ್ತು. ನಾಲ್ಕು ಗಂಟೆಗೆ ಲಾರಿ, ಹಮಾಲರ ಕೂಗು. ಮೇಲೆ ಮನೆ ಕಟ್ಟಲಿ ಬೇಡ ಅನ್ನಲ್ಲ. ಕೆಳಗೆ ಯಾವ ಅಂಗಡಿ ಬರುತ್ತೆ, ಲಾರಿ ಎಷ್ಟು ಹೊತ್ತಿಗೆ ಬರುತ್ತೆ, ಅದನ್ನ ಮೊದಲು ಬರೆದು ಕೊಡಲಿ.’

ನನ್ನ ಪ್ರಕಾರ ಆ ದಿನ ಗುಂಪಿನಲ್ಲಿ ಬಂದ ತೂಕದ ಮಾತು ಇದೊಂದೇ. ಔಷಧಿ ಅಂಗಡಿ, ಹಾಲಿನ ಬೂತ್, ಟೈಲರ್ ಅಂಗಡಿ ಕೆಳಗಿದ್ದರೆ ಮೇಲಿನವರಿಗೆ ಅನುಕೂಲವೇ. ಮಂಡಕ್ಕಿ ಭಟ್ಟಿ ಇದ್ದರೆ ಬಟ್ಟೆ ಒಣಹಾಕುವ ಹಾಗಿಲ್ಲ. ಎಫ್‌ಎಆರ್ ಲೆಕ್ಕದಲ್ಲಿ ಇವೆರಡೂ ಒಂದೇ ಚದರಡಿ. ‘ಮನೆ, ಅಂಗಡಿ, ಆಫೀಸು ಒಟ್ಟಿಗೆ’ ಅನ್ನುವವರೂ ಬೇಡ ಅನ್ನುವವರೂ ಮೆಟ್ಟಿಲಲ್ಲಿ ಹತ್ತಿ ಬರುವ ಘಾಟಿನ ವಿಷಯ ಎತ್ತುವುದೇ ಇಲ್ಲ.

ನಮ್ಮ ಗುಂಪೂ ಎತ್ತಲಿಲ್ಲ. ದೊಡ್ಡಪ್ಪ ಕೇಳಿದ್ದು ಒಂದೇ: ‘ಅಷ್ಟು ಕಷ್ಟ ಇದ್ದರೆ ಪಾಲಿನಲ್ಲಿ ಮೇಲಿನ ಮನೆ ಯಾಕೆ ತಗೊಂಡ್ರಿ?’

‘ತಗೊಳ್ಳಲಿಲ್ಲ, ನೀವು ಕೊಟ್ರಿ. ಕೆಳಗಿನ ಅಂಗಡಿ ನಿಮಗೆ ಬೇಕಿತ್ತಲ್ಲ’ ಅಂದರು ಚಿಕ್ಕಪ್ಪ. ಮರುಕ್ಷಣವೇ ‘ಗುಂಪು ತೊರೆದಿದ್ದಾರೆ’ ಎಂಬ ಬೂದು ಸಾಲು.

ವರ್ಜೀನಿಯಾದ ಅಣ್ಣ ಗುಂಪು ಬಿಟ್ಟು ನನಗೊಬ್ಬನಿಗೇ ಮೆಸೇಜ್ ಮಾಡಿದ. ಟೈಸನ್ಸ್ ಬಗ್ಗೆ ಇನ್ನೇನೋ ಹೇಳುತ್ತಾನೆ ಅಂದುಕೊಂಡೆ. ‘ಆ ಅಂಗಡಿಗೆ ಈಗ ಬಾಡಿಗೆ ಎಷ್ಟು ಬರ್ತಿದೆಯೋ?’ ಎಂದಿತ್ತು. ಅವನೂ ದೊಡ್ಡಪ್ಪನ ಮಗನೇ, ಹಿರಿಯವನು.

ಭಾನುವಾರ ಅಕ್ಕನ ಮೊಮ್ಮಗಳ ನಾಮಕರಣ. ಛತ್ರದ ಲೊಕೇಶನ್ ಗುಂಪಿನಲ್ಲೇ ಇದೆ, ಚಿಕ್ಕಪ್ಪನನ್ನು ಮತ್ತೆ ಸೇರಿಸಬೇಕು. ಅಡ್ಮಿನ್ ದೊಡ್ಡಪ್ಪ ಒಬ್ಬರೇ. ಕೇಳಿದರೆ, ‘ನನಗೆ ತೆಗೆಯೋದು ಗೊತ್ತು, ಸೇರಿಸೋದು ಗೊತ್ತಿಲ್ಲ’ ಅನ್ನುತ್ತಿದ್ದಾರೆ.